ಸುಂದರಿ ಚಿಕ್ಕಮ್ಮನನ್ನು ನೋಡಲು ಬಂದವರು

ಮಣ್ಣಗುಡ್ಡದ ನಿಮ್ಮ ಮನೆಯಲ್ಲಿ ದೆವ್ವ ಇತ್ತಂತೆ ಹೌದಾ ಎಂದು ಈಗಲೂ ಮದುವೆಮನೆಗಳಲ್ಲಿ ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೇಳುವವರಿದ್ದಾರೆ. ಕೇಳುವಾಗ ಸ್ವರ ತಗ್ಗಿಸುತ್ತಾರೆ, ನನ್ನ ಮಾನ ಕಾಪಾಡುವವರ ಹಾಗೆ. ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಆ ಸ್ವರಕ್ಕೆ. ದೆವ್ವ ಎಂದರೆ ಯಾರದೋ ಮನೆಯ ಯಾವುದೋ ಪೀಡೆ. ನಮ್ಮ ಮನೆಯಲ್ಲಿ ಇದ್ದದ್ದು ನನ್ನ ಚಿಕ್ಕಮ್ಮ. ಹೆಸರು ಸುಂದರಿ. ಅಮ್ಮನ ತಂಗಿ. ಏಳನೇ ವರ್ಷದಲ್ಲಿ ಜ್ವರ ಬಂದು ಮೂರೇ ದಿನಕ್ಕೆ ತೀರಿಕೊಂಡವಳು. ಅದು ನಾನು ಹುಟ್ಟುವ ಮೊದಲೇ ಆಗಿಹೋದ ಸಂಗತಿ, ಆದರೆ ಅವಳಿಲ್ಲದ ಮನೆಯನ್ನು ನಾನು ಕಂಡೇ ಇರಲಿಲ್ಲ. ತೀರಿಹೋದವರನ್ನು ತುಳುವಿನಲ್ಲಿ ನಾವು ಕುಲೆ ಎನ್ನುತ್ತೇವೆ. ಅವರಿಗೂ ಹಸಿವೆ, ಬಾಯಾರಿಕೆ, ಮುನಿಸು ಎಲ್ಲ ಉಂಟು. ನಮ್ಮ ಹಾಗೆಯೇ ವರ್ಷ ಕಳೆದಂತೆ ದೊಡ್ಡವರೂ ಆಗುತ್ತಾರೆ. ಏಳಕ್ಕೆ ಹೋದ ಸುಂದರಿ ಚಿಕ್ಕಮ್ಮನಿಗೆ ನನ್ನ ಎಂಟನೇ ವರ್ಷದಲ್ಲಿ ಇಪ್ಪತ್ತೊಂದು ತುಂಬಿತ್ತು. ಈ ಎಣಿಕೆ ಅಜ್ಜಿಯದು. ಅಜ್ಜಿಯ ಎಣಿಕೆ ತಪ್ಪಿದೆ ಎನ್ನುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮನೆ ದೊಡ್ಡದೇ. ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು, ಎದುರಿಗೆ ಚಾವಡಿ, ಅದರ ಹಿಂದೆ ಹಾಡಹಗಲಲ್ಲೂ ಅರೆಗತ್ತಲೆಯಾಗಿರುತ್ತಿದ್ದ ನಡುಕೋಣೆ, ಅದರಾಚೆ ಅಡುಗೆಮನೆ. ನಡುಕೋಣೆಯಿಂದ ಕಡಿದಾದ ಮರದ ಮೆಟ್ಟಿಲು ಹತ್ತಿದರೆ ಉಪ್ಪರಿಗೆ. ಅಲ್ಲಿ ಒಂದು ಪತ್ತಾಯ ಇತ್ತು. ಗೇಣಿ ಭತ್ತ ಬರುತ್ತಿದ್ದ ಕಾಲದಲ್ಲಿ ಅದನ್ನು ತುಂಬಿಡಲು ಮಾಡಿಸಿದ, ಆಳೆತ್ತರದ ಮರದ ಪೆಟ್ಟಿಗೆ. ನನ್ನ ಕಾಲಕ್ಕೆ ಅದು ಖಾಲಿ. ಅದರ ಸುತ್ತ ಉಪ್ಪಿನಲ್ಲಿಟ್ಟ ಮಾವಿನಕಾಯಿಯ ಭರಣಿಗಳು, ಹಪ್ಪಳದ ಡಬ್ಬಗಳು, ಮುರಿದ ತೊಟ್ಟಿಲು. ಅಪ್ಪ ಘಟ್ಟದ ಮೇಲೆ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರು, ಮಳೆಗಾಲಕ್ಕೊಮ್ಮೆ ಬರುವವರು. ಹಾಗಾಗಿ ನಾನು ಮತ್ತು ಅಮ್ಮ ಇದ್ದದ್ದು ಅಜ್ಜಿಯ ಜೊತೆ. ನಮ್ಮಲ್ಲಿ ಮನೆಯ ಯಜಮಾನಿಕೆ ಸೋದರಮಾವನದು. ಮಾವ ಕೋರ್ಟಿನಲ್ಲಿ ದುಭಾಷಿ. ಸಾಕ್ಷಿಗಳ ತುಳುವನ್ನು ದೊರೆಗಳಿಗೆ ಇಂಗ್ಲಿಷಿನಲ್ಲಿ ಹೇಳುವ ಕೆಲಸ. ಮನೆಯಲ್ಲಿ ಮಾತ್ರ ಅವರ ಬಾಯಿ ತೆರೆಯುತ್ತಿದ್ದದ್ದು ಊಟಕ್ಕೆ.

ಬೇರೆ ಮನೆಗಳಲ್ಲಿ ಕುಲೆಗಳಿಗೆ ಬಡಿಸುವುದು ವರ್ಷಕ್ಕೆ ಒಂದೋ ಎರಡೋ ಸಲ. ನಮ್ಮ ಅಜ್ಜಿ ದಿನಾ ಮಧ್ಯಾಹ್ನ ಅಡುಗೆಮನೆಯ ಬಾಗಿಲ ಹತ್ತಿರ ಒಂದು ಸಣ್ಣ ಬಾಳೆಲೆ ಹಾಕಿ, ಕುಚ್ಚಲಕ್ಕಿ ಅನ್ನ, ಆ ದಿನದ ಪದಾರ್ಥ ಬಡಿಸಿ, ಊರಿನ ಸುದ್ದಿಯನ್ನೆಲ್ಲ ಹೇಳುತ್ತ ಪಕ್ಕದಲ್ಲಿ ಕೂರುತ್ತಿದ್ದರು. ಹಂಚಿನ ಕಾರ್ಖಾನೆಯಲ್ಲಿ ಯಾರ ಕೈಗೆ ಪೆಟ್ಟಾಯಿತು, ಯಾರ ಸೊಸೆ ತವರಿಗೆ ಓಡಿಬಂದಳು, ಎಲ್ಲವೂ. ಆಮೇಲೆ ಆ ಎಲೆ ಹಟ್ಟಿಯ ದನಕ್ಕೆ. ಕಿಟಕಿಯಲ್ಲಿ ಇಣುಕಿದವರಿಗೆ ಕಾಣುತ್ತಿದ್ದದ್ದು ಒಬ್ಬಳು ಮುದುಕಿ ಖಾಲಿ ಗೋಡೆಗೆ ಚಾಡಿ ಹೇಳುವುದು. ಊರಿಗೆ ಅಷ್ಟು ಸಾಕಾಯಿತು. ಅಂಚೆಯವನು ಕಾಗದವನ್ನು ಗೇಟಿನಿಂದಲೇ ಎಸೆದು ಹೋಗುತ್ತಿದ್ದ. ಬೆಂಗ್ರೆಯಿಂದ ದೋಣಿಯಲ್ಲಿ ಬಂದು ಮೀನು ಮಾರುತ್ತಿದ್ದ ಹೆಂಗಸು ಬುಟ್ಟಿ ಇಳಿಸುತ್ತಿದ್ದದ್ದು ರಸ್ತೆಯ ಆಚೆ ಬದಿಯಲ್ಲಿ.

ಆ ಕೀರ್ತಿಗೆ ನನ್ನ ಕಾಣಿಕೆಯೂ ಉಂಟು, ಹೇಳಿಬಿಡುತ್ತೇನೆ. ಹಲಸಿನ ಬೇಳೆಯನ್ನು ಉಪ್ಪು ಹಾಕಿ ಬೇಯಿಸಿ ಬಿಸಿಲಲ್ಲಿ ಕಲ್ಲಿನಂತೆ ಒಣಗಿಸಿದರೆ ಅದಕ್ಕೆ ಸಾಂತಾಣಿ ಎನ್ನುತ್ತಾರೆ. ಮಳೆಗಾಲಕ್ಕೆಂದು ಅಜ್ಜಿ ಒಂದು ಮಡಕೆ ತುಂಬ ಮಾಡಿ ಉಪ್ಪರಿಗೆಯಲ್ಲಿ ಇಡುತ್ತಿದ್ದರು. ನಾನು ಹತ್ತಿ, ಮುಷ್ಟಿ ತುಂಬ ಕದ್ದು, ಖಾಲಿ ಪತ್ತಾಯದೊಳಗೆ ಇಳಿದು ಕೂತು ತಿನ್ನುತ್ತಿದ್ದೆ. ಬೇಸರ ಬಂದರೆ ಹಲಗೆಯ ಮೇಲೆ ಅವನ್ನು ಗೋಲಿಯ ಹಾಗೆ ಉರುಳಿಸುತ್ತಿದ್ದೆ. ಕೆಳಗೆ ಚಾವಡಿಯಲ್ಲಿ ಕೂತವರಿಗೆ ತಲೆಯ ಮೇಲೆ ಗಡಗಡಗಡ. ಬಂದ ನೆಂಟರು ಚಾ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಮಡಕೆ ತಳ ಕಂಡಾಗ ಅಜ್ಜಿ ಕೇಳಿದರು.

"ವಾರಿಜಾ, ಸಾಂತಾಣಿ ಎಲ್ಲಿ ಹೋಯಿತು ಮಾರಾಯ್ತಿ?"

"ಸುಂದರಿ ಚಿಕ್ಕಮ್ಮ ತಿಂದಿರಬೇಕು" ಎಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ಅಜ್ಜಿಯ ಮುಖ ಅರಳಿತು.

"ತಿನ್ನಲಿ ಬಿಡು. ಮನೆಯ ಮಗಳಲ್ವಾ, ಅವಳ ಪಾಲೂ ಉಂಟು."

ಅಂದಿನಿಂದ ಒಡೆದ ಲೋಟ, ಹರಿದ ಪುಸ್ತಕ, ನೆಕ್ಕಿ ಖಾಲಿಯಾದ ಬೆಲ್ಲ, ಎಲ್ಲವೂ ಚಿಕ್ಕಮ್ಮನ ಹೆಸರಿಗೆ. ಬೈಗುಳವಿಲ್ಲ, ಪೆಟ್ಟಿಲ್ಲ. ಇಂಥ ಚಿಕ್ಕಮ್ಮ ಯಾರಿಗೆ ಸಿಕ್ಕಾರು! ಎರಡು ವರ್ಷ ನಾನು ರಾಣಿಯ ಹಾಗೆ ಬದುಕಿದೆ.

ಆದರೆ ಅಜ್ಜಿಗೆ ಒಳಗೊಳಗೇ ಒಂದು ಚಿಂತೆ. ಮದುವೆಯಾಗದೆ ಹೋದವರಿಗೆ ನೆಲೆ ಇಲ್ಲ ಎಂದು ನಮ್ಮಲ್ಲಿ ನಂಬುತ್ತಾರೆ. ಹಾಗಾಗಿ ವಯಸ್ಸಿಗೆ ಬಂದ ಕುಲೆಗೆ ಇನ್ನೊಂದು ಮನೆಯ ಕುಲೆಯನ್ನು ಹುಡುಕಿ, ಬಳಿ, ಅಂದರೆ ತಾಯಿಯ ಕಡೆಯ ಕುಲ, ಬೇರೆಯೇ ಎಂದು ವಿಚಾರಿಸಿ, ಮಳೆಗಾಲದ ಆಟಿ ತಿಂಗಳಲ್ಲಿ ಸೀರೆ, ಪಂಚೆ, ಕರಿಮಣಿ ಇಟ್ಟು ಕ್ರಮಪ್ರಕಾರ ಮದುವೆ ಮಾಡುವ ಪದ್ಧತಿ. ಕೇಳಿ ನಗುವವರು ನಗಲಿ. ಒಂದು ದಿನ ಅಜ್ಜಿ ಅಮ್ಮನ ತಲೆಗೆ ಎಣ್ಣೆ ಹಾಕುತ್ತ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ.

"ನಾನಿರುವವರೆಗೆ ಎಲೆ ಹಾಕ್ತೇನೆ. ನಾನು ಹೋದ ಮೇಲೆ ಯಾರು ಹಾಕ್ತಾರೆ? ನಿನಗೆ ನಿನ್ನ ಸಂಸಾರ ಉಂಟು. ಅವಳಿಗೂ ಒಂದು ಮನೆ ಅಂತ ಆಗ್ಬೇಕು, ಒಬ್ಬಳು ಅತ್ತೆ ಬೇಕು. ಅಷ್ಟಾದ್ರೆ ನಾನು ನೆಮ್ಮದಿಯಲ್ಲಿ ಕಣ್ಣು ಮುಚ್ತೇನೆ."

ಸಂಬಂಧ ಕುದುರಿಸುವ ದೂಮಣ್ಣ ಎಂಬವನಿಗೆ ಹೇಳಿಕಳುಹಿಸಿದರು. ಅವನು ಕೂಳೂರಿನಲ್ಲಿ ಒಬ್ಬ ಹುಡುಗನನ್ನು ಹುಡುಕಿ ತಂದ. ಹೆಸರು ಶೀನಪ್ಪ, ಒಂಬತ್ತನೇ ವರ್ಷದಲ್ಲಿ ಸಿಡುಬಿನಿಂದ ಹೋದವನು, ಈಗ ಇಪ್ಪತ್ತೈದು. ಅವನ ತಾಯಿ ಕಲ್ಯಾಣಿಯಕ್ಕ ಬಹಳ ಗಟ್ಟಿ ಹೆಂಗಸಂತೆ. "ಒಂದು ದಿನ ನಮ್ಮವರು ಬಂದು ಹುಡುಗಿಯ ಬಗ್ಗೆ ವಿಚಾರಿಸಿ ಹೋಗ್ತಾರೆ" ಎಂದು ಅವರಿಂದ ಮಾತು ಬಂತು. ಅಜ್ಜಿ ಮನೆಗೆ ಸುಣ್ಣ ಹೊಡೆಸಿದರು.

ಇತ್ತ ಮಾವನ ಕಥೆಯೇ ಬೇರೆ. ಮದ್ರಾಸಿನಲ್ಲಿ ಪ್ರೇತಗಳನ್ನು ವಿಜ್ಞಾನದ ಪ್ರಕಾರ ಪರೀಕ್ಷೆ ಮಾಡುವ ಯಾವುದೋ ಸಂಘ ಇತ್ತಂತೆ. ಅವರು ನಮ್ಮ ಮನೆಯ ಸುದ್ದಿ ಕೇಳಿ, ನೋಡಲು ಬರಬಹುದೇ ಎಂದು ಮಾವನಿಗೆ ಕಾಗದ ಬರೆದರು. ಇಂಗ್ಲಿಷಿನ ಕಾಗದ, ಕೊನೆಗೆ ವಿಧೇಯ ಸೇವಕ ಎಂಬ ಸಹಿ. ಮಾವ ಕರಗಿ ಹೋದರು. ಒಪ್ಪಿಗೆ ಬರೆದರು, ಮನೆಯಲ್ಲಿ ಹೇಳಲಿಲ್ಲ. ನನ್ನ ಶಾಲೆಯ ಬೇಸಗೆ ರಜೆಯ ಒಂದು ದಿನ ಬೆಳಿಗ್ಗೆ ಕೋರ್ಟಿಗೆ ಹೊರಟು ಮೆಟ್ಟಿಲು ಇಳಿಯುತ್ತ, ಚಪ್ಪಲಿ ಹುಡುಕುತ್ತ, ತಲೆ ಎತ್ತದೆ ಇಷ್ಟೇ ಅಂದರು.

"ಮಧ್ಯಾಹ್ನ ಇಬ್ಬರು ಬರ್ತಾರೆ. ಸುಂದರಿಯ ವಿಷಯ ಕೇಳ್ಲಿಕ್ಕೆ. ಏನು ಕೇಳಿದ್ರೂ ಹೇಳಿ, ಚಾ ಕೊಡಿ."

ಅಜ್ಜಿ ಕೈಯಲ್ಲಿದ್ದ ಮೊರವನ್ನು ಅಲ್ಲೇ ಇಟ್ಟು ದೇವರ ಕೋಣೆಗೆ ನಡೆದರು.

ಬಂದವರಲ್ಲಿ ಒಬ್ಬರು ಮದ್ರಾಸಿನವರು, ಬಿಳಿ ಸೂಟು, ಬೂಟು, ಕೈಯಲ್ಲಿ ಕಪ್ಪು ಪೆಟ್ಟಿಗೆ. ಇನ್ನೊಬ್ಬರು ನಮ್ಮ ಊರಿನವರೇ, ಕಾಲೇಜಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು. ಅಜ್ಜಿ ಮದುವೆಗೆ ಹೋಗುವ ಸೀರೆ ಉಟ್ಟು ಚಾವಡಿಯ ಬಾಗಿಲಲ್ಲಿ ನಿಂತಿದ್ದರು. ಗೋಳಿಬಜೆ, ಬಾಳೆಹಣ್ಣು, ಚಾ ತಯಾರು. ಸೂಟು ನೋಡಿ ಅಮ್ಮನ ಕಿವಿಯಲ್ಲಿ "ಕೂಳೂರಿನವರು ಇಷ್ಟು ದೊಡ್ಡವರಂತ ದೂಮಣ್ಣ ಹೇಳಲೇ ಇಲ್ಲ" ಎಂದರು. ದೊಡ್ಡವರು ಮಾತಾಡುವಲ್ಲಿ ಮಕ್ಕಳು ಇರಬಾರದೆಂದು ನನ್ನನ್ನು ಹಿತ್ತಲಿಗೆ ಅಟ್ಟಿದರು. ನಾನು ಸುತ್ತು ಹಾಕಿ ಬಂದು, ಅಡುಗೆಮನೆಯಿಂದ ನಡುಕೋಣೆಗೆ ನುಸುಳಿ ಉಪ್ಪರಿಗೆ ಹತ್ತಿ, ಪತ್ತಾಯದ ಪಕ್ಕ ಬೋರಲು ಮಲಗಿ ಹಲಗೆಯ ಸಂದಿಗೆ ಕಿವಿ ಇಟ್ಟೆ. ಪ್ರತಿ ಅಕ್ಷರವೂ ಕೇಳುತ್ತಿತ್ತು.

"ಹುಡುಗಿಗೆ ಎಷ್ಟು ವರ್ಷ?" ಮೇಷ್ಟ್ರು ಕೇಳಿದರು.

"ಇಪ್ಪತ್ತೊಂದು ತುಂಬಿತು."

"ಏಳು ವರ್ಷಕ್ಕೆ ಹೋದದ್ದು ಅಂತ ಕೇಳಿದ್ದೆ."

"ಹೋದದ್ದು ಏಳಕ್ಕೆ. ಆಮೇಲೆ ಬೆಳೀಲಿಕ್ಕೆ ಇಲ್ವಾ? ನಿಮ್ಮ ಹುಡುಗ ಬೆಳೀಲಿಲ್ವಾ?"

ಸ್ವಲ್ಪ ಹೊತ್ತು ಪೆನ್ಸಿಲಿನ ಸದ್ದು. ಮೇಷ್ಟ್ರ ಮಗ ಮೆಟ್ರಿಕ್ ಓದುತ್ತಿದ್ದನೆಂದು ಆಮೇಲೆ ತಿಳಿಯಿತು. "ಬೆಳೀತಾ ಇದ್ದಾನೆ" ಎಂದರು ಪಾಪ.

"ಅವಳು ಕಣ್ಣಿಗೆ ಕಾಣಿಸ್ತಾಳಾ?"

"ಛೆ, ಛೆ! ಹೊರಗಿನವರ ಎದುರು ಬರುವವಳೇ ಅಲ್ಲ. ತಾನುಂಟು, ಒಳಗಿನ ಕೆಲಸ ಉಂಟು."

"ಉಪದ್ರ ಎಂತಾದ್ರೂ ಮಾಡ್ತಾಳಾ?"

"ಇವತ್ತಿನವರೆಗೆ ಒಂದು ಎದುರು ಮಾತು ಆಡಿದವಳಲ್ಲ, ದೇವರಾಣೆಗೂ."

ಸೂಟಿನವರು ಪೆಟ್ಟಿಗೆಯಿಂದ ಒಂದು ಗಾಜಿನ ಕೊಳವೆ ತೆಗೆದು ಗೋಡೆಗೆ ನೇತುಹಾಕಿದರಂತೆ. ಇದೆಂತದು ಎಂದು ಅಜ್ಜಿ ಕೇಳಿದರು. ಹುಡುಗಿ ಇರುವಲ್ಲಿ ಚಳಿ ಹೆಚ್ಚಾಗ್ತದಾ ಎಂದು ನೋಡಲಿಕ್ಕೆ ಎಂದರು ಮೇಷ್ಟ್ರು.

"ನೋಡು" ಎಂದು ಅಜ್ಜಿ ಅಮ್ಮನಿಗೆ ಹೇಳಿದ್ದು ನನಗೂ ಕೇಳಿತು, "ಹುಡುಗಿಗೆ ಚಳಿಯಾಗ್ತದಾ ಅಂತ ಈಗಲೇ ವಿಚಾರಿಸ್ತಾ ಇದ್ದಾರೆ. ಒಳ್ಳೆ ಜನ."

ರಾತ್ರಿ ಇಲ್ಲೇ ಉಳಿದು ನೋಡಬಹುದೇ ಎಂದು ಸೂಟಿನವರು ಮೇಷ್ಟ್ರಿಂದ ಕೇಳಿಸಿದಾಗ ಮಾತ್ರ ಅಜ್ಜಿಗೆ ಸರಿ ಕಾಣಲಿಲ್ಲ. "ಹೆಣ್ಣು ನೋಡ್ಲಿಕ್ಕೆ ರಾತ್ರಿ ಕೂರುವ ಕ್ರಮ ನಮ್ಮಲ್ಲಿ ಇಲ್ಲ. ನೋಡುವುದಾದ್ರೆ ಈಗ ನೋಡಿ" ಎಂದು ಖಂಡಿತವಾಗಿ ಹೇಳಿದರು. ಹಾಗೆಯೇ ಆಗಲಿ ಎಂದು ಅವರು ಹೆಜ್ಜೆ ಗುರುತು ಮೂಡಲೆಂದು ಉಪ್ಪರಿಗೆಯ ಮೆಟ್ಟಿಲಿಗೆ ಅಕ್ಕಿಹಿಟ್ಟು ಚೆಲ್ಲಿ, ಕ್ಯಾಮೆರಾ ನಿಲ್ಲಿಸಿ, ಬುಡದಲ್ಲಿ ಕುರ್ಚಿ ಹಾಕಿ ಕೂತರು. ನಾನು ಮೇಲೆ ಸಿಕ್ಕಿಬಿದ್ದೆ.

ಸೂಟಿನವರು ಗಂಭೀರವಾಗಿ ಏನೋ ಹೇಳಿದರು. ಮೇಷ್ಟ್ರು ಅದನ್ನು ಕನ್ನಡದಲ್ಲಿ ಕೂಗಿದರು.

"ಸುಂದರೀ, ನೀನು ಇಲ್ಲಿದ್ದರೆ ನಮಗೊಂದು ಸೂಚನೆ ಕೊಡು!"

ಸೂಚನೆ ಬರಲಿಲ್ಲ. ಎರಡನೇ ಸಲ ಕೂಗಿದರು. ಆಗಲೂ ಇಲ್ಲ. ಕೆಳಗಿನಿಂದ ಅಜ್ಜಿಯ ಸಣ್ಣ ಸ್ವರ ಬಂತು. "ಮಾತಾಡು ಮಗಾ, ನಾಚಿಕೆ ಬೇಡ. ನಮ್ಮವರೇ." ಆ ಸ್ವರ ಬೇಡುತ್ತಿತ್ತು. ಚಿಕ್ಕಮ್ಮ ಸುಮ್ಮನಿದ್ದರೆ ಹುಡುಗಿಯೇ ಇಲ್ಲವೆಂದು ಇವರು ಎದ್ದು ಹೋಗುತ್ತಾರೆ, ಮದುವೆ ಮುರಿಯುತ್ತದೆ, ಅಜ್ಜಿ ಅಳುತ್ತಾರೆ ಎಂದು ನನ್ನ ಎಂಟು ವರ್ಷದ ಬುದ್ಧಿಗೆ ತೋಚಿತು. ಜೇಬಿನ ಸಾಂತಾಣಿ ತೆಗೆದು ಉರುಳಿಸಿದೆ. ಕೆಳಗೆ ಕುರ್ಚಿಗಳು ಸರಿದವು. ಹುಮ್ಮಸ್ಸು ಬಂತು. ಮಡಕೆಯನ್ನೇ ಬಗ್ಗಿಸಿದೆ. ಹಾಗೆ ಬಗ್ಗಿಸುವಾಗ ಮೊಣಕೈ ತಾಗಿ ಮೆಟ್ಟಿಲ ತುದಿಯಲ್ಲಿದ್ದ ಒಂದು ಭರಣಿ ವಾಲಿತು. ಹಿಡಿಯಲು ಹೋದೆ, ಸಿಗಲಿಲ್ಲ. ಅದು ಉಪ್ಪುನೀರು, ಮಾವಿನಕಾಯಿ ಸಮೇತ ಒಂದೊಂದೇ ಮೆಟ್ಟಿಲು ಇಳಿದು ಸೂಟಿನವರ ಕಾಲಬುಡದಲ್ಲಿ ಒಡೆಯಿತು. ಅವರು ಎದ್ದು ಓಡಲು ಹೋಗಿ, ಹಿಟ್ಟಿನ ಮೇಲೆ ಬೂಟು ಜಾರಿ, ಕ್ಯಾಮೆರಾವನ್ನು ತಬ್ಬಿಕೊಂಡೇ ಬಿದ್ದರು. ಮೇಲೆ ಹತ್ತಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ, ಅವರು ಹೋಗುವವರೆಗೆ ನಾನು ಪತ್ತಾಯದೊಳಗೆ ಅಡಗಿ ಕೂತಿದ್ದೆ.

ಸಂಜೆ ಮಾವ ಬಂದು ವಿಷಯ ಬಿಡಿಸಿ ಹೇಳಿದಾಗ ಅಜ್ಜಿ ಕೇಳಿದರು.

"ಅಂದ್ರೆ, ನನ್ನ ಮಗಳನ್ನು ಕೋತಿ ಆಟ ನೋಡಿದ ಹಾಗೆ ನೋಡ್ಲಿಕ್ಕೆ ಬಂದದ್ದಾ? ನೀನೇ ಕರೆಸಿದ್ದಾ? ನಿನ್ನ ತಂಗಿಯಲ್ವಾ ಅವಳು?"

ಮಾವ ಆ ರಾತ್ರಿ ಊಟಕ್ಕೂ ಬಾಯಿ ತೆರೆಯಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ಆಗುತ್ತಿತ್ತು. ಹತ್ತು ದಿನಕ್ಕೆ ಊರಿನ ಒಂದು ವಾರಪತ್ರಿಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಬಂತು. ಮಣ್ಣಗುಡ್ಡದ ಮನೆಯ ಪ್ರೇತ ಉಗ್ರವಾದದ್ದು, ಬಂದ ಅತಿಥಿಗಳ ಮೇಲೆ ಭರಣಿ ಎತ್ತಿ ಹಾಕಿತು, ಮದ್ರಾಸಿನ ಮಹನೀಯರ ಕೈ ಉಳುಕಿತು, ಇತ್ಯಾದಿ. ಮಾರನೆಯ ವಾರ ದೂಮಣ್ಣ ಬಂದ. ಚಾವಡಿ ಹತ್ತಲಿಲ್ಲ, ಅಂಗಳದಲ್ಲೇ ನಿಂತು ಟೊಪ್ಪಿ ತಿರುವುತ್ತ ಹೇಳಿದ.

"ಕಲ್ಯಾಣಿಯಕ್ಕ ಬೇಡ ಅಂದ್ರು. ಕೈ ಎತ್ತುವ ಹುಡುಗಿ ಮನೆಗೆ ಬಂದ್ರೆ ನನ್ನ ಶೀನನ ಗತಿ ಎಂತ, ಅವ ಮೊದಲೇ ಪಾಪದವ ಅಂತ ಕೇಳಿದ್ರು. ನಾನು ಎಂತ ಹೇಳುದು?"

ಅಜ್ಜಿ ಒಳಗೆ ಹೋದರು. ಅನ್ನ ಬಸಿಯುವ ಹೊತ್ತು. ಅಡುಗೆಮನೆಯ ಬಾಗಿಲ ಹತ್ತಿರ, ದಿನವೂ ಸುದ್ದಿ ಹೇಳುತ್ತಿದ್ದ ಆ ಜಾಗದಲ್ಲಿ ನಿಂತು, ನಾನು ಹುಟ್ಟಿದ ಮೇಲೆ ಮೊದಲ ಸಲ ಅವರು ಸುಂದರಿ ಚಿಕ್ಕಮ್ಮನನ್ನು ಬೈದರು.

"ನಿನ್ನನ್ನು ಹೀಗೆ ಬೆಳೆಸಿದ್ದಾ ನಾನು? ಮನೆಗೆ ಬಂದವರ ಮೇಲೆ ಕೈ ಮಾಡ್ಲಿಕ್ಕೆ ಯಾರು ಕಲಿಸಿದ್ದು? ಇನ್ನು ಯಾರು ಮಾಡ್ಕೊಳ್ತಾರೆ ನಿನ್ನನ್ನು? ಹೋಗು, ಇವತ್ತು ನಿನಗೆ ಊಟ ಇಲ್ಲ. ಹಸಿದು ಬಿದ್ದಿರು, ಆಗ ಬುದ್ಧಿ ಬರ್ತದೆ."

ಆ ದಿನ ಎಲೆ ಹಾಕಲಿಲ್ಲ. ಮರುದಿನವೂ ಹಾಕಲಿಲ್ಲ. ನನ್ನ ತಟ್ಟೆಯಲ್ಲಿ ಮಾತ್ರ ಅನ್ನ, ಸಾರು, ಮೇಲಿಂದ ಹಪ್ಪಳ. ತುತ್ತು ಕೈಯಲ್ಲಿ ಹಿಡಿದು ಆ ಖಾಲಿ ಜಾಗ ನೋಡಿದರೆ, ಅಲ್ಲಿ ಯಾರೋ ಮೊಣಕಾಲು ತಬ್ಬಿಕೊಂಡು, ನನ್ನನ್ನೇ ನೋಡುತ್ತ ಹಸಿದು ಕೂತಂತೆ. ಭಯವಲ್ಲ ಅದು, ನಾಚಿಕೆ. ಬೆಲ್ಲ ತಿಂದದ್ದು ನಾನು, ಲೋಟ ಒಡೆದದ್ದು ನಾನು, ಭರಣಿ ಬೀಳಿಸಿದ್ದು ನಾನು. ಮಾಡಿದ್ದು ನಾನಲ್ಲ ಎನ್ನಲು ಅವಳಿಗೆ ಬಾಯಿಯೂ ಇಲ್ಲ. ಇವತ್ತಿಗೂ ಒಬ್ಬರ ತಪ್ಪಿಗೆ ಇನ್ನೊಬ್ಬರನ್ನು ಬೈಯುವುದು ಕೇಳಿದರೆ ನನಗೆ ಊಟ ಸೇರುವುದಿಲ್ಲ. ಈ ಕಾಯಿಲೆ ಹತ್ತಿದ್ದು ಆ ಎರಡು ದಿನಗಳಲ್ಲಿ. ಮೂರನೇ ದಿನ ಮಧ್ಯಾಹ್ನ ತಟ್ಟೆಯನ್ನು ತೆಗೆದುಕೊಂಡು ಹೋಗಿ ಆ ಜಾಗದಲ್ಲಿ ಇಟ್ಟು, ಅಳುತ್ತ ಎಲ್ಲವನ್ನೂ ಅಜ್ಜಿಗೆ ಹೇಳಿಬಿಟ್ಟೆ.

ಪೆಟ್ಟು ಬೀಳುತ್ತದೆ ಎಂದು ಕಣ್ಣು ಮುಚ್ಚಿದ್ದೆ. ಬೀಳಲಿಲ್ಲ. ಕಣ್ಣು ಬಿಟ್ಟರೆ ಅಜ್ಜಿ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಗೋಡೆಯ ಕಡೆ ತಿರುಗಿ, ಎರಡು ಕೈಯಲ್ಲೂ ತಲೆ ಹಿಡಿದುಕೊಂಡಿದ್ದರು.

"ಅಯ್ಯೋ ಮಗಾ, ಎರಡು ದಿನ ಹಸಿವಿನಲ್ಲಿಟ್ಟೆನಲ್ಲ ನಿನ್ನನ್ನು!"

ಎಲೆ ಬಂತು, ಅನ್ನ ಬಂತು, ತುಪ್ಪ ಬಂತು. ಬಡಿಸಿ ಮುಗಿಸಿ ಸೆರಗಿನಲ್ಲಿ ಮುಖ ಒರೆಸಿಕೊಂಡ ಮೇಲೆ ನನ್ನ ಕಡೆ ತಿರುಗಿದರು.

"ನನಗೆ ಹೇಳಿದ್ದು ಸಾಕಾಗುದಿಲ್ಲ. ಕೂಳೂರಿಗೆ ಬಂದು ಹೇಳ್ಬೇಕು. ಹೇಳ್ತಿಯಾ?"

ಹೇಳುತ್ತೇನೆ ಎಂದೆ. ಹೊಳೆ ದಾಟುವ ದೋಣಿಯಲ್ಲಿ ಅಜ್ಜಿ ನನ್ನ ಕೈ ಬಿಡಲಿಲ್ಲ. ಕಲ್ಯಾಣಿಯಕ್ಕ ಎತ್ತರದ ಹೆಂಗಸು, ಹಣೆಯಲ್ಲಿ ನಾಲ್ಕು ಗೆರೆ. ನಮ್ಮನ್ನು ಕೂರಲು ಹೇಳಿ ತಾವು ಕಂಬಕ್ಕೆ ಒರಗಿ ನಿಂತೇ ಕೇಳಿದರು. ನಾನು ಸಾಂತಾಣಿಯಿಂದ ಶುರುಮಾಡಿ ಭರಣಿಯವರೆಗೆ ಹೇಳಿದೆ, ಒಂದೂ ಬಿಡಲಿಲ್ಲ.

"ಎಷ್ಟು ಸಮಯದಿಂದ ಹೀಗೆ ಚಿಕ್ಕಮ್ಮನ ಹೆಸರು ಹೇಳ್ತಾ ಇದ್ದಿ?"

"ಎರಡು ವರ್ಷದಿಂದ."

"ಇಷ್ಟೆಲ್ಲ ಮಾಡಿದ್ದಿಯಲ್ಲ, ಅವಳು ಒಂದು ದಿನವಾದ್ರೂ ನಿನಗೆ ಎಂತಾದ್ರೂ ಮಾಡಿದ್ದಾಳಾ? ಜ್ವರ? ಕೆಟ್ಟ ಕನಸು? ಬಿದ್ದು ಪೆಟ್ಟು?"

ನೆನಪು ಮಾಡಿ ನೋಡಿದೆ. "ಇಲ್ಲ" ಎಂದೆ.

ಕಲ್ಯಾಣಿಯಕ್ಕ ಕಂಬ ಬಿಟ್ಟು ಬಂದು ಅಜ್ಜಿಯ ಪಕ್ಕ ಕೂತರು.

"ಮಗುವಿನ ತಪ್ಪನ್ನೆಲ್ಲ ತನ್ನ ತಲೆ ಮೇಲೆ ಹಾಕ್ಕೊಂಡು ಎರಡು ವರ್ಷ ತುಟಿ ಬಿಚ್ಚದ ಹುಡುಗಿ! ಇಂಥವಳನ್ನು ಬೇಡ ಅಂದೆನಲ್ಲ ನಾನು. ಅಕ್ಕಾ, ಆಟಿಯಲ್ಲಿ ಒಳ್ಳೆ ದಿನ ನೋಡಿ."

ದಿನ ನೋಡಿದರು. ಮಕ್ಕಳು, ಮದುವೆಯಾಗದವರು ಈ ಮದುವೆಯನ್ನು ನೋಡಬಾರದು. ಹಾಗಾಗಿ ನನ್ನನ್ನು ಹಟ್ಟಿಯ ಬಾಗಿಲಲ್ಲಿ ಕೂರಿಸಿದರು. ಧಾರೆಯ ಸೀರೆ ಬಂತು ಎಂದು ಯಾರೋ ಕೂಗಿದ್ದು, "ಹುಡುಗಿ ಉಟ್ಟು ತಯಾರಾಗಲಿ, ಅವಸರ ಮಾಡ್ಬೇಡಿ" ಎಂದು ಮಾವ ಗದರಿದ್ದು, ನಡುಕೋಣೆಯ ಬಾಗಿಲು ಮುಚ್ಚಿದ್ದು, ತೆರೆದದ್ದು, ಎಲ್ಲ ಕಿವಿಯಲ್ಲೇ ಕಂಡೆ. ಮದ್ರಾಸಿನವರಿಗೆ ಒಪ್ಪಿಗೆ ಬರೆದ ಅದೇ ಮಾವ ತಂಗಿಯ ಧಾರೆ ಎರೆದು, ಚಾವಡಿಯ ಮೂಲೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತರೆಂದು ಅಮ್ಮ ಆಮೇಲೆ ಹೇಳಿದರು.

ದಿಬ್ಬಣ ಹೊರಡುವಾಗ ನನ್ನನ್ನು ಕರೆದರು. ದೋಣಿಯ ಕಡವಿನವರೆಗೆ ಹೋಗಲು ಜಟಕಾ ಗೇಟಿನಲ್ಲಿ ನಿಂತಿತ್ತು. ಮಳೆ ಬಿಟ್ಟಿತ್ತು. ಕಲ್ಯಾಣಿಯಕ್ಕನ ಕೈಯ ಹರಿವಾಣದಲ್ಲಿ ಮಡಚಿದ ಹಸಿರು ಸೀರೆ, ಅದರ ಮೇಲೆ ಕರಿಮಣಿ, ಒಂದು ಚೆಂಡು ಮಲ್ಲಿಗೆ. ತಪ್ಪಾಯಿತು ಚಿಕ್ಕಮ್ಮಾ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಯಾರೂ ನಗಲಿಲ್ಲ. ಅಜ್ಜಿ ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ನೆಂಟರಿಗೆಲ್ಲ ನನ್ನ ಮಗಳಿಗೆ ಇಪ್ಪತ್ತೊಂದು, ಮನೆ ನಡೆಸುವ ವಯಸ್ಸು ಎಂದು ಹೇಳುತ್ತ ಓಡಾಡಿದ್ದರು. ಜಟಕಾ ಹತ್ತಿದ ಕಲ್ಯಾಣಿಯಕ್ಕನ ಹತ್ತಿರ ಹೋಗಿ, ಹರಿವಾಣದ ಅಂಚು ಹಿಡಿದುಕೊಂಡು ನಿಂತರು. ಗಾಡಿಯವನು ಹೊರಡಲು ಕಾಯುತ್ತಿದ್ದ.

"ಅಕ್ಕಾ, ಮೀನು ಬಡಿಸುವಾಗ ಮುಳ್ಳು ತೆಗೆದು ಕೊಡಿ ಆಯ್ತಾ? ಅವಳಿಗೆ ತೆಗೀಲಿಕ್ಕೆ ಬರುದಿಲ್ಲ."

ಕಲ್ಯಾಣಿಯಕ್ಕ ಅಜ್ಜಿಯ ಕೈ ಮೇಲೆ ತಮ್ಮ ಕೈ ಇಟ್ಟರು.

"ತೆಗೀತೇನೆ. ನನ್ನವನಿಗೂ ನಾನೇ ತೆಗೆದು ಕೊಡುದು."